ಬರೆದಿಟ್ಟದ್ದು ಸಿಗಬೇಕು



ಮುಖ್ಯ ಭಾಷಣ ಮಾಡಬೇಕು ಎಂದು ಸಂಘಟಕರು ಕೇಳಿದಾಗ ನನಗೆ ನಿಜವಾಗಿಯೂ ಗಾಬರಿಯಾಯಿತು. ನಾನು ಸಾಹಿತಿಯಲ್ಲ, ವಿದ್ವಾಂಸನಲ್ಲ. ನಿಮ್ಮಲ್ಲಿ ಹೆಚ್ಚಿನವರ ಹಾಗೆ ಬೆಳಿಗ್ಗೆ ಮೆಟ್ರೋಪಾರ್ಕ್‌ನಲ್ಲಿ ರೈಲು ಹತ್ತಿ, ಪೆನ್ ಸ್ಟೇಷನ್‌ನಲ್ಲಿ ಇಳಿದು, ಇಡೀ ದಿನ ಬೇರೆಯವರ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಸಂಜೆ ಅದೇ ರೈಲಿನಲ್ಲಿ ಮನೆಗೆ ಬರುವವನು. "ಬೇರೆಯವರ ಮಾಹಿತಿ ಬಿಡಿ, ನಿಮ್ಮದನ್ನು ಹೇಗೆ ಇಟ್ಟುಕೊಂಡಿದ್ದೀರಿ ಅದನ್ನೇ ಹೇಳಿ" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಅದು ಹೆಮ್ಮೆಯಿಂದ ಬಂದದ್ದಲ್ಲ, ಪೆಟ್ಟು ತಿಂದು ಬಂದದ್ದು. ಊಟದ ಪರಿಮಳ ಆಗಲೇ ಬರುತ್ತಿದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

2017ರ ಜನವರಿ. ರಾತ್ರಿ ಎರಡೂವರೆಗೆ ಫೋನ್. ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ. ಅಪ್ಪ ಬಚ್ಚಲಮನೆಯಲ್ಲಿ ಜಾರಿ ಬಿದ್ದಿದ್ದರು, ಸೊಂಟದ ಮೂಳೆ ಮುರಿದಿತ್ತು, ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಡಾಕ್ಟರು ಕೇಳಿದ್ದು ಸರಳವಾದ ಪ್ರಶ್ನೆ: "ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಯಾವುದು? ಎಷ್ಟು ಮಿಲಿಗ್ರಾಂ?" ಅಮ್ಮನಿಗೆ ಗಾಬರಿಯಲ್ಲಿ ಏನೂ ನೆನಪಾಗುತ್ತಿಲ್ಲ. "ನೀನು ಹೋದಸಲ ಬಂದಾಗ ಎಲ್ಲ ಫೋನಿನಲ್ಲಿ ಬರೆದುಕೊಂಡಿದ್ದೆಯಲ್ಲಪ್ಪ, ಅದನ್ನು ನೋಡಿ ಹೇಳು" ಅಂದರು.

ಬರೆದುಕೊಂಡಿದ್ದೆ, ನಿಜ. ನಾನು ಎಲ್ಲವನ್ನೂ ಬರೆದುಕೊಳ್ಳುವವನು. ಆ ಹೊತ್ತಿಗೆ ನನ್ನ ನೋಟ್ಸ್ ಆಪ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿದ್ದವು. ಇಂಗ್ಲಿಷಿನಲ್ಲಿ ಹುಡುಕಿದೆ, ಸಿಗಲಿಲ್ಲ. ಕನ್ನಡದಲ್ಲಿ "ಔಷಧಿ" ಎಂದು ಹುಡುಕಿದೆ, ಸಿಗಲಿಲ್ಲ. "ಅಪ್ಪ" ಎಂದು ಹುಡುಕಿದರೆ ಅಪ್ಪನ ಬಗ್ಗೆ ಇನ್ನೂರು ಟಿಪ್ಪಣಿ ಬಂದವು, ಮಾತ್ರೆಯದ್ದೊಂದು ಬಿಟ್ಟು. ಮುಕ್ಕಾಲು ಗಂಟೆ ಆದ ಮೇಲೆ ಸಿಕ್ಕಿತು. ಅದು ಚೀಟಿಯ ಒಂದು ಫೋಟೋ. ಮೇಲೆ ಶೀರ್ಷಿಕೆ ಇಲ್ಲ, ಕೆಳಗೆ ಒಂದು ಪದ ಇಲ್ಲ. ಫೋನಿನ ದೃಷ್ಟಿಯಲ್ಲಿ ಅದು ಬರಿಯ ಚಿತ್ರ.

ಅಷ್ಟರಲ್ಲಿ ಡಾಕ್ಟರಿಗೆ ಉತ್ತರ ಸಿಕ್ಕಿಯಾಗಿತ್ತು. ಪಕ್ಕದ ಮನೆಯವರು ಹೋಗಿ ಗೂಟಕ್ಕೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿನಿಂದ ಒಂದು ಪುಟ್ಟ ಪುಸ್ತಕ ತಂದಿದ್ದರು. ಅಪ್ಪ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದವರು, ಜೇಬಿನಲ್ಲಿ ಪುಸ್ತಕ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಅದರ ಮೊದಲನೇ ಪುಟದಲ್ಲಿ ಅವರ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಎಷ್ಟು, ಯಾವಾಗ, ಕೊನೆಗೆ ನನ್ನ ಫೋನ್ ನಂಬರು. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಇನ್ನೊಂದು ಸಲ.

ಅಪ್ಪ ಗುಣವಾಗಿ ಮನೆಗೆ ಬಂದರು. ಆದರೆ ಆ ರಾತ್ರಿ ನನಗೆ ಒಂದು ವಿಷಯ ತಿಳಿಯಿತು. ನಾನು ಬರೆದಿಟ್ಟಿರಲಿಲ್ಲ, ಬರಿದೆ ತುಂಬಿಟ್ಟಿದ್ದೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಈ ವಿಷಯದಲ್ಲಿ ನಮ್ಮ ಹಿಂದಿನವರು ಏನು ಮಾಡುತ್ತಿದ್ದರು ನೋಡೋಣ. ನಾವು ಇವತ್ತು ಆಫೀಸಿನ ಫೈಲಿಗೆ, ಕಂಪ್ಯೂಟರಿನ ಫೈಲಿಗೆ "ಕಡತ" ಅನ್ನುತ್ತೇವೆ. ಕಡತ ಅಂದರೆ ಮೊದಲು ಏನಾಗಿತ್ತು ಗೊತ್ತೇ? ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಿಳಿ ಬಳಪದಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಅಳಿಸಬಹುದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು, ಮಡಿಸಿ ಬಗಲಲ್ಲಿ ಇಟ್ಟುಕೊಂಡು ಓಡಾಡಬಹುದು. ವ್ಯಾಪಾರಿಗಳ ಲೆಕ್ಕ ಅದರಲ್ಲಿತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಕರ. ಅಳಿಸಿ ಬರೆಯುವ, ಜೊತೆಯಲ್ಲಿ ಒಯ್ಯುವ ಹಲಗೆ ನಮಗೆ ಕ್ಯಾಲಿಫೋರ್ನಿಯಾದಿಂದ ಬಂದದ್ದೇನಲ್ಲ.

ಇನ್ನೊಂದು ಉದಾಹರಣೆ ನಮ್ಮ ಮನೆಯ ಹಿತ್ತಲಿನದು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ನಮ್ಮಲ್ಲಿ ಎಷ್ಟೋ ಜನ ಅದನ್ನು ನೋಡಿಲ್ಲ. ಇಲ್ಲಿ ಎಡಿಸನ್ ಊರಿನಲ್ಲಿ ವಾಸವಾಗಿರುವವರು ಕೈ ಎತ್ತಿ ನೋಡೋಣ. ಅರ್ಧ ಸಭೆ! ಆ ಊರಿಗೆ ಆ ಹೆಸರು ಬಂದದ್ದು 1954ರಲ್ಲಿ. ಥಾಮಸ್ ಎಡಿಸನ್ 1876ರಲ್ಲಿ ತನ್ನ ಪ್ರಯೋಗಾಲಯ ಕಟ್ಟಿದ ಮೆನ್ಲೋ ಪಾರ್ಕ್ ಇರುವುದು ಅದೇ ಊರಿನಲ್ಲಿ. ಬಲ್ಬು, ಫೋನೋಗ್ರಾಫ್ ನಮಗೆ ಗೊತ್ತು. ಆದರೆ ಆ ಮನುಷ್ಯ ಮತ್ತು ಅವನ ಸಂಗಡಿಗರು ಬಿಟ್ಟುಹೋದ ಕಾಗದಪತ್ರ ಸುಮಾರು 50 ಲಕ್ಷ ಪುಟ. ಅದನ್ನು ಆರಿಸಿ, ವಿಂಗಡಿಸಿ, ಪ್ರಕಟಿಸುವ ಕೆಲಸ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 1978ರಿಂದ ನಡೆಯುತ್ತಿದೆ. ನಮ್ಮ ಮಕ್ಕಳು ಓದುವ ಅದೇ ರಟ್ಗರ್ಸ್.

ಆ ಪ್ರಯೋಗಾಲಯದ ಪುಸ್ತಕಗಳಲ್ಲಿ ನಾನು ಗಮನಿಸಿದ್ದು ಎರಡು ಸಂಗತಿ. ಒಂದು, ದಿನಾಂಕ ಮತ್ತು ಸಹಿ. ಪೇಟೆಂಟಿನ ಜಗಳದಲ್ಲಿ ಯಾರು ಮೊದಲು ಕಂಡುಹಿಡಿದರು ಎಂದು ತೋರಿಸಲು ಅದು ಬೇಕಿತ್ತು. ಎರಡು, ಎಡಿಸನ್ ಒಬ್ಬನೇ ಬರೆಯಲಿಲ್ಲ, ಸಹಾಯಕರೂ ಅವೇ ಪುಸ್ತಕಗಳಲ್ಲಿ ಬರೆದರು. ಒಬ್ಬ ಬರೆದದ್ದು ಇನ್ನೊಬ್ಬನಿಗೆ ತಿಳಿಯಬೇಕಿತ್ತು. ಅಪ್ಪನ ಜೇಬಿನ ಪುಸ್ತಕದಲ್ಲೂ ಇದ್ದದ್ದು ಇದೇ ಗುಣ. ಅಪರಿಚಿತನೊಬ್ಬ ತೆರೆದರೂ ಅವನಿಗೆ ಉತ್ತರ ಸಿಗುತ್ತಿತ್ತು.

ಆ ರಾತ್ರಿಯ ನಂತರ ನಾನು ಮಾಡಿಕೊಂಡ ಬದಲಾವಣೆಗಳನ್ನು ಹೇಳುತ್ತೇನೆ. ಯಾವ ಆಪ್ ಎಂದು ಕೇಳಬೇಡಿ. ಒನ್‌ನೋಟ್, ಎವರ್‌ನೋಟ್, ಗೂಗಲ್ ಕೀಪ್, ಆಪಲ್ ನೋಟ್ಸ್, ನೋಷನ್, ಅಬ್ಸಿಡಿಯನ್, ಯಾವುದಾದರೂ ಆಗುತ್ತದೆ. ಪಾತ್ರೆ ಯಾವುದಾದರೇನು, ಅಡುಗೆ ನಾವೇ ಮಾಡಬೇಕು.

ಮೊದಲನೆಯದು, ಎಲ್ಲ ಒಂದೇ ಕಡೆ ಬೀಳಬೇಕು. ನನ್ನ ಟಿಪ್ಪಣಿಗಳು ಆಗ ಐದು ಕಡೆ ಇದ್ದವು: ಆಪ್, ನನಗೆ ನಾನೇ ಕಳಿಸಿಕೊಂಡ ಇಮೇಲ್, ವಾಟ್ಸಾಪ್, ಫೋಟೋ ಆಲ್ಬಮ್, ಫ್ರಿಜ್ಜಿನ ಮೇಲಿನ ಚೀಟಿ. ಈಗ ಒಂದೇ ಪೆಟ್ಟಿಗೆ. ಎಲ್ಲಿ ಸಿಕ್ಕಿದ್ದಾದರೂ ಮೊದಲು ಅದರೊಳಗೆ ಹಾಕುತ್ತೇನೆ. ವಿಂಗಡಣೆ ಆಮೇಲೆ. ಶುಕ್ರವಾರ ಸಂಜೆಯ ರೈಲಿನಲ್ಲಿ ನ್ಯೂವಾರ್ಕ್ ದಾಟಿದ ಮೇಲೆ ಆ ವಾರದ್ದನ್ನು ತೆರೆದು ನೋಡುತ್ತೇನೆ. ಬೇಡದ್ದನ್ನು ಅಳಿಸುತ್ತೇನೆ. ಅರ್ಧಕ್ಕರ್ಧ ಅಳಿದು ಹೋಗುತ್ತದೆ. ಕಡತದ ಬಟ್ಟೆ ಒರೆಸಿದ ಹಾಗೆ.

ಎರಡನೆಯದು, ಶೀರ್ಷಿಕೆ. ಬರೆಯುವ ಹೊತ್ತಿನಲ್ಲಿ ಅಲ್ಲ, ಹುಡುಕುವ ಹೊತ್ತಿನಲ್ಲಿ ಯಾವ ಪದ ನೆನಪಾಗುತ್ತದೋ ಅದು ಶೀರ್ಷಿಕೆಯಲ್ಲಿ ಇರಬೇಕು. ಫೋಟೋ ಹಾಕಿದರೆ ಕೆಳಗೆ ಒಂದು ಸಾಲು ಬರೆಯಲೇಬೇಕು. ನಮ್ಮಂಥವರ ತಲೆಯಲ್ಲಿ ಎರಡು ಭಾಷೆ ಓಡುತ್ತಿರುತ್ತವೆ. ಹಗಲು ಇಂಗ್ಲಿಷ್, ಗಾಬರಿಯಾದಾಗ ಕನ್ನಡ. ಆದ್ದರಿಂದ ಮುಖ್ಯವಾದ ಟಿಪ್ಪಣಿಗೆ ಎರಡರಲ್ಲೂ ಶೀರ್ಷಿಕೆ ಕೊಡುತ್ತೇನೆ. ಅಪ್ಪ ಮಾಡಿದ್ದೂ ಅದನ್ನೇ.

ಕನ್ನಡದಲ್ಲಿ ಬರೆದದ್ದನ್ನು ಹುಡುಕುವಾಗ ಇನ್ನೊಂದು ತೊಡಕಿದೆ. ಇಂಗ್ಲಿಷಿನ ಪದ ಸುಮ್ಮನೆ ನಿಂತಿರುತ್ತದೆ, ನಮ್ಮ ಪದ ವಿಭಕ್ತಿ ಸೇರಿದ ಕೂಡಲೇ ಬಾಲ ಬದಲಿಸುತ್ತದೆ. "ಊರು" ಎಂದು ಹುಡುಕಿದರೆ "ಊರಿಗೆ", "ಊರಲ್ಲಿ", "ಊರಿನ" ಯಾವುದೂ ಬರದಿರಬಹುದು, ಏಕೆಂದರೆ ಕೊನೆಯ ಉಕಾರ ಅಲ್ಲಿ ಇಲ್ಲ. "ಊರ" ಎಂದು ಹುಡುಕಿ, ಸಾಮಾನ್ಯವಾಗಿ ಎಲ್ಲವೂ ಬರುತ್ತವೆ. "ಔಷಧಿ" ಎಂದರೆ "ಔಷಧ" ಬರುವುದಿಲ್ಲ, "ಔಷಧ" ಎಂದರೆ ಎರಡೂ ಬರಬಹುದು. "ರಾಜ್‌ಕುಮಾರ್" ಅನ್ನುವಾಗ ಜಕಾರ, ಕಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕುಳಿತಿರುತ್ತದೆ. ಅದಿಲ್ಲದೆ ಟೈಪ್ ಮಾಡಿದರೆ ಕೆಲವು ಆಪ್‌ಗಳಿಗೆ ಅವರು ಬೇರೆಯೇ ರಾಜಕುಮಾರ್! ಇಸವಿಯನ್ನು ಒಂದು ಕಡೆ ಕನ್ನಡ ಅಂಕಿಯಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಂಕಿಯಲ್ಲಿ ಬರೆದರೂ ಇದೇ ಕಥೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಇದು ಕನ್ನಡ ಬಿಡುವುದಕ್ಕೆ ಕಾರಣವಲ್ಲ. ಅದರ ಸ್ವಭಾವ ತಿಳಿದು ಹುಡುಕಬೇಕು, ಅಷ್ಟೆ.

ಮೂರನೆಯದು, ನಮ್ಮ ಮಾತಿನಲ್ಲಿ ಬರೆಯಬೇಕು. ಇಲ್ಲೇ ಪ್ರಿನ್ಸ್‌ಟನ್‌ನಲ್ಲಿದ್ದ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪನ್‌ಹೈಮರ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿದ ವಿದ್ಯಾರ್ಥಿಗಳು ಕೇಳಿದ್ದನ್ನು ಪದಕ್ಕೆ ಪದ ಇಳಿಸಿಕೊಂಡರು. ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಯಲ್ಲಿ ಬರೆದವರು ಮುಂದೆ ಇದ್ದರು. ಮುಂದೆ ಬೇರೆಯವರು ಇದನ್ನೇ ಪುನಃ ಮಾಡಿ ನೋಡಿದಾಗ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ನನ್ನ ಅನುಭವ ಇಷ್ಟು: ಇಡೀ ಲೇಖನವನ್ನು ಕತ್ತರಿಸಿ ಅಂಟಿಸಿದ್ದು ನನಗೆ ಎಂದೂ ಉಪಯೋಗಕ್ಕೆ ಬರಲಿಲ್ಲ. "ಇದು ನನಗೆ ಯಾಕೆ ಬೇಕು" ಎಂದು ಎರಡು ಸಾಲು ಬರೆದಿದ್ದರೆ ಬಂದಿದೆ.

ಪರದೇಶದಲ್ಲಿರುವ ನಮಗೆ ಯಾವ ಟಿಪ್ಪಣಿಗಳು ಅಗತ್ಯ? ನಾಲ್ಕು ಹೇಳುತ್ತೇನೆ. ಒಂದು, ಪ್ರಯಾಣದ ಪಟ್ಟಿ. ಪೌರತ್ವಕ್ಕೆ ಎನ್-400 ಅರ್ಜಿ ತುಂಬುವಾಗ ಹಿಂದಿನ ಐದು ವರ್ಷಗಳಲ್ಲಿ ದೇಶದ ಹೊರಗೆ ಹೋದ ದಿನ, ಬಂದ ದಿನ ಎಲ್ಲ ಬರೆಯಬೇಕು. ಪ್ರತಿ ಸಲ ವಿಮಾನ ಇಳಿದ ಕೂಡಲೇ ಒಂದು ಸಾಲು ಸೇರಿಸಿದರೆ ಸಾಕು. ಎರಡು, ಊರಿನ ಬ್ಯಾಂಕ್ ಖಾತೆಗಳು. ಹೊರದೇಶದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ವರದಿ ಕೊಡಬೇಕು. ವರ್ಷದ ಅತಿ ಹೆಚ್ಚಿನ ಮೊತ್ತ ಎಷ್ಟಿತ್ತು ಎಂದು ಬರೆದಿಟ್ಟಿರಬೇಕು. ಮೂರು, ಊರಿನ ಮನೆ, ಜಮೀನು: ಸರ್ವೆ ನಂಬರು, ಪಹಣಿ, ಖಾತೆ, ಕಂದಾಯ ಕಟ್ಟಿದ ರಸೀದಿ, ಮೂಲಪತ್ರ ಯಾರ ಹತ್ತಿರ ಇದೆ. ನಾಲ್ಕು, ತಂದೆತಾಯಿಯ ಆರೋಗ್ಯದ ಪುಟ. ಇದನ್ನು ಒಡಹುಟ್ಟಿದವರೊಂದಿಗೆ ಹಂಚಿಕೊಳ್ಳಿ, ಒಂದು ಪ್ರತಿ ಮುದ್ರಿಸಿ ಊರಿನ ಮನೆಯ ಬಾಗಿಲ ಹಿಂದೆ ಅಂಟಿಸಿ. ಒಂದು ಎಚ್ಚರಿಕೆ: ಪಾಸ್‌ವರ್ಡ್‌ಗಳನ್ನು, ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಸಾಮಾನ್ಯ ಟಿಪ್ಪಣಿಯಲ್ಲಿ ಇಡಬೇಡಿ. ಅದಕ್ಕೆ ಬೀಗವಿರುವ ಬೇರೆ ಆಪ್‌ಗಳಿವೆ.

ಈಗ ಬಾಳಿಕೆಯ ಮಾತು. ನಾನು 1999ರಲ್ಲಿ ಇಲ್ಲಿಗೆ ಬಂದಾಗ ಕನ್ನಡದಲ್ಲಿ ಟೈಪ್ ಮಾಡಬಹುದು ಎನ್ನುವುದೇ ಹಬ್ಬವಾಗಿತ್ತು. ಎಷ್ಟೋ ಬರೆದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಿಂದಲೇ ಜಾಗವಿದ್ದರೂ ನಮ್ಮ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ವರ್ಷಗಳೇ ಹಿಡಿದವು. ಹಾಗಾಗಿ ಆಗಿನ ನನ್ನ ಬರಹವೆಲ್ಲ ಆಯಾ ಫಾಂಟಿಗೆ ಮಾತ್ರ ಕನ್ನಡ. ಫಾಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಪರಿವರ್ತಿಸುವ ಸಾಧನಗಳಿವೆ. ಮನೆಯಲ್ಲಿ ಹಳೆಯ ಸಿಡಿ ಇದ್ದರೆ ಈ ವರ್ಷವೇ ಪರಿವರ್ತಿಸಿಕೊಳ್ಳಿ, ಸಿಡಿ ಓದುವ ಯಂತ್ರವೇ ಅಪರೂಪವಾಗುತ್ತಿದೆ.

ಕಂಪನಿಗಳೂ ಶಾಶ್ವತವಲ್ಲ. ಗೂಗಲ್ ನೋಟ್‌ಬುಕ್ ಎಂಬುದು 2006ರಲ್ಲಿ ಬಂತು, 2012ರಲ್ಲಿ ಮುಚ್ಚಿತು. ಎವರ್‌ನೋಟ್ ಕೈ ಬದಲಾಗಿ ಇಟಲಿಯ ಕಂಪನಿಯೊಂದಕ್ಕೆ ಸೇರಿತು, 2023ರ ಡಿಸೆಂಬರಿನಿಂದ ಉಚಿತ ಖಾತೆಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಅವರ ವ್ಯಾಪಾರ, ಅವರ ಹಕ್ಕು. ನಮ್ಮ ಕೆಲಸ ವರ್ಷಕ್ಕೆರಡು ಸಲ ಎಲ್ಲವನ್ನೂ ಹೊರತೆಗೆದು ನಮ್ಮದೇ ಡಿಸ್ಕಿನಲ್ಲಿ ಒಂದು ಪ್ರತಿ ಇಡುವುದು. ನಾನು ಗಡಿಯಾರ ಹಿಂದೆ ಮುಂದೆ ಮಾಡುವ ಮಾರ್ಚ್ ಮತ್ತು ನವೆಂಬರ್ ಭಾನುವಾರಗಳಲ್ಲಿ ಮಾಡುತ್ತೇನೆ. ಹೊಸ ಆಪ್ ಆರಿಸುವಾಗಲೂ ಮೊದಲ ಪ್ರಶ್ನೆ ಇದೇ ಆಗಿರಲಿ: "ಹಾಕುವುದು ಹೇಗೆ ಎಂದು ಗೊತ್ತಾಯಿತು, ತೆಗೆಯುವುದು ಹೇಗೆ?"

ಹಾಗಾದರೆ ಕಾಗದವೇ ವಾಸಿ ಎಂದು ಹಿರಿಯರು ತಲೆಯಾಡಿಸುತ್ತಿದ್ದೀರಿ. ಅದೂ ಪೂರ್ತಿ ನಿಜವಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ನಿಮಗೆ ನೆನಪಿದೆ. ಐಡಾ ಚಂಡಮಾರುತದ ಮಳೆ. ಮ್ಯಾನ್ವಿಲ್, ಬೌಂಡ್ ಬ್ರೂಕ್ ಮುಳುಗಿದವು. ನಮ್ಮ ಮನೆಯ ಬೇಸ್‌ಮೆಂಟಿಗೂ ಸೊಂಟದ ತನಕ ನೀರು ಬಂತು. ಅಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಅಪ್ಪ ನನಗೆ ಬರೆದ ಪತ್ರಗಳಿದ್ದವು, ನಾನು ಬಂದ ಮೊದಲ ಐದು ವರ್ಷದವು. ಬೆಳಿಗ್ಗೆ ಹೊತ್ತಿಗೆ ಎಲ್ಲ ನೀಲಿ ಮುದ್ದೆ. ಒಂದರದ್ದೂ ಫೋಟೋ ತೆಗೆದಿರಲಿಲ್ಲ. ದಿನಸಿ ಪಟ್ಟಿಗೆ ಮೂರು ಪ್ರತಿ ಇತ್ತು, ಅಪ್ಪನ ಕಾಗದಕ್ಕೆ ಒಂದೂ ಇರಲಿಲ್ಲ.

ಅಪ್ಪ ಆಗ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಹೋಗಿದ್ದರು. ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದ ಕಾಲ. ಫೋನಿನ ಪರದೆಯಲ್ಲಿ ನೋಡಿದೆ, ಅಷ್ಟೆ. ಇಲ್ಲಿ ಕುಳಿತಿರುವ ಕೆಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2022ರ ಜನವರಿಯಲ್ಲಿ ಊರಿಗೆ ಹೋದಾಗ ಅಮ್ಮ ಒಂದು ಟ್ರಂಕು ತೆಗೆದರು. ಒಳಗೆ ಅಪ್ಪನ ಜೇಬಿನ ಪುಸ್ತಕಗಳು, ವರ್ಷಕ್ಕೊಂದರಂತೆ. ಹಾಲಿನ ಲೆಕ್ಕ, ಮಳೆಯ ಲೆಕ್ಕ, ಕರೆಂಟ್ ಬಿಲ್ಲು. ನಡುವೆ ಪ್ರತಿ ಭಾನುವಾರ ಒಂದು ಸಾಲು. "ಮಗ ಫೋನ್ ಮಾಡಿದ. 12 ನಿಮಿಷ. ಅಲ್ಲಿ ಹಿಮ." "ಮಗ ಫೋನ್ ಮಾಡಿದ. 6 ನಿಮಿಷ. ಆಫೀಸಿನಲ್ಲಿ ಕೆಲಸ ಹೆಚ್ಚು." "ಮೊಮ್ಮಗಳು ಮಾತಾಡಿದಳು. ಕನ್ನಡ ಚೆನ್ನಾಗಿದೆ." ಕೆಲವು ಭಾನುವಾರ ಎರಡೇ ಪದ: "ಫೋನ್ ಬರಲಿಲ್ಲ." ಅದರ ಮುಂದೆ ದೂರು ಏನೂ ಇಲ್ಲ. ದಿನಾಂಕ ಮಾತ್ರ ಇದೆ. ನಾನು ಎಣಿಸಲಿಲ್ಲ. ಎಣಿಸಲು ಧೈರ್ಯ ಬರಲಿಲ್ಲ.

ಆ ಪುಸ್ತಕಗಳನ್ನು ನಾನು ತರಲಿಲ್ಲ, ಅವು ಅಮ್ಮನವು. ಅಂಗಳದ ಬೆಳಕಿನಲ್ಲಿ ಕುಳಿತು ಒಂದೊಂದು ಪುಟದ ಫೋಟೋ ತೆಗೆದೆ. ಅಮ್ಮ ಪುಟ ತಿರುಗಿಸುತ್ತ ಅರ್ಥವಾಗದ ಕಡೆ ವಿವರಣೆ ಹೇಳಿದರು, ಅದನ್ನು ಫೋನಿನಲ್ಲಿ ಧ್ವನಿಮುದ್ರಿಸಿದೆ. ಹಾಲಿನವಳ ಹೆಸರು, ಅಡಿಕೆ ಅಳೆಯುವ ಹಳೆಯ ಮಾನ, ನಾನು ಮರೆತೇಬಿಟ್ಟಿದ್ದ ಎಷ್ಟೋ ಮಾತು. ಈ ಸಲ ಪ್ರತಿಯೊಂದಕ್ಕೂ ಶೀರ್ಷಿಕೆ ಇದೆ, ದಿನಾಂಕ ಇದೆ, ಎರಡು ಭಾಷೆಯಲ್ಲಿ ಒಂದೊಂದು ಸಾಲು ಇದೆ. ಆ ಇಂಗ್ಲಿಷ್ ಸಾಲು ನನಗಲ್ಲ, ನನ್ನ ಮಗಳಿಗೆ. ಕನ್ನಡ ಮಾತಾಡುತ್ತಾಳೆ, ಓದುವಾಗ ಎಡವುತ್ತಾಳೆ. ಬಾಗಿಲು ಇಂಗ್ಲಿಷಿನದಾದರೂ ಪರವಾಗಿಲ್ಲ, ಒಳಗೆ ಬಂದರೆ ಸಾಕು.

ನಮಗಿಂತ ಮೊದಲು ಈ ದೇಶಕ್ಕೆ ಬಂದ ಎ. ಕೆ. ರಾಮಾನುಜನ್ 1993ರಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಅವರು ಸಂಗ್ರಹಿಸಿಟ್ಟಿದ್ದ ಕನ್ನಡದ ಜನಪದ ಕಥೆಗಳು 1997ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು, ಬೇರೆಯವರ ಸಂಪಾದನೆಯಲ್ಲಿ. ಬಿಟ್ಟುಹೋದದ್ದು ಇನ್ನೊಬ್ಬರಿಗೆ ಅರ್ಥವಾಗುವಂತಿದ್ದರಿಂದಲೇ ಅದು ಸಾಧ್ಯವಾಯಿತು. ನಾವು ರಾಮಾನುಜನ್ ಅಲ್ಲ. ಆದರೆ ನಮ್ಮ ಮನೆಯ ಕಥೆಗೆ ನಮ್ಮನ್ನು ಬಿಟ್ಟರೆ ಬೇರೆ ಸಂಗ್ರಹಕಾರರೂ ಇಲ್ಲ.

ಇವತ್ತು ರಾತ್ರಿ ಮನೆಗೆ ಹೋಗಿ ಒಂದೇ ಒಂದು ಕೆಲಸ ಮಾಡಿ. ನಾಲ್ಕು ಸಾವಿರ ಟಿಪ್ಪಣಿ ಜೋಡಿಸಲು ಹೋಗಬೇಡಿ, ಅದು ಆಗುವುದಿಲ್ಲ. ಹೊಸದೊಂದು ಪುಟ ತೆರೆಯಿರಿ. ಮೇಲೆ ಎರಡು ಭಾಷೆಯಲ್ಲಿ ಅಪ್ಪ ಅಮ್ಮನ ಹೆಸರು, ರಕ್ತದ ಗುಂಪು, ಮಾತ್ರೆಗಳು, ಡಾಕ್ಟರ ಫೋನು, ಪಕ್ಕದ ಮನೆಯವರ ಫೋನು. ಗೊತ್ತಿಲ್ಲದಿದ್ದರೆ ನಾಳೆ ಫೋನ್ ಮಾಡಿ ಕೇಳಿ. ನಾಳೆ ಹೇಗೂ ಭಾನುವಾರ.

 ಎಲ್ಲರೂ ಊಟಕ್ಕೆ ಏಳಿ.